ಸುಂದರವ್ವನ ಬಂಗು

ಮರೋಳದ ಚಂದವ್ವನ ಸೊಸೆಗೆ ಗುಳಿಗೆಯ ಪಾಕೀಟು ಕೊಡಲು ಹೋದ ದಿನ ಸುಂದರವ್ವನಿಗೆ ತನ್ನ ಮುಖದ ಸುದ್ದಿ ಗೊತ್ತಾಯಿತು.

ಹಾಗಂತ ಅವಳು ಕನ್ನಡಿಯನ್ನೇ ನೋಡುತ್ತಿರಲಿಲ್ಲ ಎಂದಲ್ಲ. ದಿನಾ ಬೆಳಿಗ್ಗೆ ಬೈತಲೆ ತೆಗೆಯುವಾಗ ನೆತ್ತಿ ನೋಡಿಕೊಳ್ಳುತ್ತಿದ್ದಳು, ಕುಂಕುಮ ಇಟ್ಟುಕೊಳ್ಳುವಾಗ ಹಣೆ ನೋಡಿಕೊಳ್ಳುತ್ತಿದ್ದಳು. ಕೆನ್ನೆಯವರೆಗೆ ಇಳಿದು ಬರುವಷ್ಟು ಪುರುಸೊತ್ತನ್ನು ಹುನಗುಂದದ ಮೊದಲ ಬಸ್ಸು ಅವಳಿಗೆ ಕೊಟ್ಟಿರಲಿಲ್ಲ. ಸರಕಾರಿ ದವಾಖಾನೆಯ ನರ್ಸ್ ಅವಳು. ಹಳ್ಳಿಯಿಂದ ಹಳ್ಳಿಗೆ, ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ನಡಿಗೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಲಸಿಕೆಯ ಥರ್ಮಾಸು.

ಚಂದವ್ವನ ಸೊಸೆ ಗಾಳೆವ್ವನಿಗೆ ಆಗಲೇ ಎರಡು ಮಕ್ಕಳು. ಚಿಕ್ಕದು ಅಂಗಳದಲ್ಲಿ ಕೋಳಿಯ ಹಿಂದೆ ಓಡಾಡುತ್ತಿತ್ತು. ಮುಂದಿನದು ಸದ್ಯಕ್ಕೆ ಬೇಡವೆಂದು ಹಿಂದಿನ ವಾರ ಅವಳೇ ಬಾಯಿಬಿಟ್ಟು ಹೇಳಿದ್ದಳು. ಈಗ ಪಾಕೀಟು ಕೈಗಿಟ್ಟರೆ ಬಿಸಿ ತಾಗಿದವಳಂತೆ ಹಿಂದಕ್ಕೆ ಸರಿಸಿದಳು.

"ಬ್ಯಾಡ್ರಿ ಬಾಯಾರ."

"ಯಾಕವಾ? ಹ್ವಾದ ವಾರ ಹೂಂ ಅಂದಿದ್ದೆಲ್ಲ?"

ಗಾಳೆವ್ವ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನೆಲ ನೋಡಿದಳು. "ನೀವೂ ಇದನ್ನ ತೊಗೊಂತೀನಿ ಅಂತ ಹೇಳಿದ್ರಿ. ನಿಮ್ಮ ಮಾರಿ ನೋಡೀನ್ರಿ. ನನ್ನ ಗಂಡ ಮೊದಲ ನಾ ಕರ್ರಗ ಅದೀನಿ ಅಂತ ಆಡ್ಕೊಂಡು ನಗ್ತಾನ. ಇದ್ದ ಬಣ್ಣಾನೂ ಹ್ವಾದ್ರ ಹೆಂಗ್ರಿ?"

ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ಚಂದವ್ವ ಮೊರ ನಿಲ್ಲಿಸಿದಳು. ಆರು ಮಕ್ಕಳನ್ನು ಹೆತ್ತವಳು, ಆ ಓಣಿಯಲ್ಲಿ ಅವಳ ಮಾತಿಗೆ ತೂಕವಿತ್ತು. "ಬಾಯಾರ, ಆಕಿ ಸಣ್ಣಾಕಿ, ಬಾಯಿಗೆ ಬಂದದ್ದು ಅಂತಾಳ. ಸಿಟ್ಟಾಗಬ್ಯಾಡ್ರಿ. ಆದ್ರ ಖರೇನ ಐತ್ರಿ. ನಿಮ್ಮ ಎರಡೂ ಗಲ್ಲದ ಮ್ಯಾಲ ಬಂಗು ಬಿದ್ದಾವ. ಊರ ಹೆಣಮಕ್ಳೆಲ್ಲಾ ಅದನ್ನ ಮಾತಾಡಾಕತ್ತಾರ."

ಅವತ್ತು ಆ ಓಣಿಯಲ್ಲಿ ಒಂದು ಪಾಕೀಟೂ ಖರ್ಚಾಗಲಿಲ್ಲ.

ಸುಂದರವ್ವನಿಗೆ ನೋವಾದದ್ದು ಕಪ್ಪು ಕಲೆಯ ಕಾರಣಕ್ಕಲ್ಲ, ಅಥವಾ ಅದೊಂದರಿಂದಲೇ ಅಲ್ಲ. ಆಪರೇಷನ್ ಎಂಬ ಮಾತು ಕೇಳಿದರೆ ಹೆಂಗಸರು ಜೋಳದ ಹೊಲ ಹೊಕ್ಕು ಅಡಗುತ್ತಿದ್ದ ಕಾಲದಲ್ಲಿ ಅವಳು ಈ ಊರುಗಳಿಗೆ ಬಂದವಳು. ಅವರನ್ನು ಹೊರಗೆ ಕರೆತರಲು ಅವಳಿಗೆ ಉಳಿದಿದ್ದ ಉಪಾಯ ಒಂದೇ: "ನನಗೂ ಎರಡು ಮಕ್ಳು ಅದಾವ, ನಾನೂ ಈ ಗುಳಿಗಿ ತೊಗೊಂತೇನಿ, ನೋಡ್ರಿ" ಎಂದು ಅವರ ಎದುರಿಗೇ ಒಂದನ್ನು ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದಳು. ಅವರು ನಂಬಿದ್ದು ಗುಳಿಗೆಯನ್ನಲ್ಲ, ಅವಳನ್ನು. ಈಗ ಅವಳ ಮುಖವೇ ಅವಳ ವಿರುದ್ಧ ಸಾಕ್ಷಿ ಹೇಳಲು ನಿಂತಿತ್ತು.

ಹುನಗುಂದದಲ್ಲಿ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ; ನಿಲ್ದಾಣದ ಬಗಲಲ್ಲಿದ್ದ ಗಂಡನ ಟೇಲರ್ ಅಂಗಡಿಗೆ ನುಗ್ಗಿ, ಅಲ್ಲಿದ್ದ ಆಳೆತ್ತರದ ಕನ್ನಡಿಯ ಮುಂದೆ ನಿಂತಳು. ಹೌದು. ಎರಡೂ ಕೆನ್ನೆಯ ಮೇಲೆ ಕಾಫಿ ಚೆಲ್ಲಿ ಒರೆಸಿದಂತೆ ಕಂದು ಕಲೆ, ಮೂಗಿನ ಮೇಲೆ ಹಾದು ಒಂದಕ್ಕೊಂದು ಕೈ ಚಾಚಿದ್ದವು. ಮೇಲ್ದುಟಿಯ ಮೇಲೂ ಸಣ್ಣಗೆ ನೆರಳು.

"ಏನ್ರಿ, ನನ್ನ ಮಾರಿ ಮ್ಯಾಲ ಏನರ ಕಾಣ್ತೈತೇನು?"

ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ ದುರ್ಗಪ್ಪ ತಲೆಯೆತ್ತಿದ. ಬಹಳ ವರ್ಷ ಸಂಸಾರ ಮಾಡಿದ ಮನುಷ್ಯ, ಎಚ್ಚರಿಕೆಯಿಂದ ಉತ್ತರಿಸಿದ. "ಕುಂಕುಮ ಕಾಣ್ತೈತಿ."

"ಗಲ್ಲದ ಮ್ಯಾಲ?"

"ಗಲ್ಲ ಕಾಣ್ತಾವ."

"ಬಂಗು ಬಿದ್ದಾವ, ಬಂಗು! ಊರಿಗೆಲ್ಲ ಕಾಣ್ತೈತಿ, ನಿಮಗೊಬ್ಬರಿಗೆ ಕಾಣವಲ್ದು!"

"ನನಗೂ ದೀಪಾವಳಿಗೇ ಕಂಡಿತ್ತು," ಎಂದ ದುರ್ಗಪ್ಪ, ದಾರ ಹಲ್ಲಿನಿಂದ ಕಡಿಯುತ್ತ. "ಹೇಳಿದ್ರ ಮನ್ಯಾಗ ನಾ ಉಣ್ಣೋದೆಲ್ಲಿ ಅಂತ ಸುಮ್ಮನಾದೆ."

ಸುಂದರವ್ವನಿಗೆ ಸಿಟ್ಟೂ ಬಂತು, ನಗೆಯೂ ಬಂತು. ನಗೆ ಗೆದ್ದಿತು, ಆದರೆ ಮನೆ ಮುಟ್ಟುವುದರೊಳಗೆ ಕಣ್ಣಲ್ಲಿ ನೀರು ತುಂಬಿತ್ತು.

ಮನೆಯಲ್ಲಿ ಅತ್ತೆ ಸಾವಿತ್ರೆವ್ವ ಇದ್ದಳು. ಇಳಕಲ್ಲಿನ ನೇಕಾರರ ಮಗಳು. ಸೀರೆಯ ಸೆರಗನ್ನು ಬೆರಳಲ್ಲಿ ಮುಟ್ಟಿಯೇ ಯಾವ ಮಗ್ಗದ್ದೆಂದು ಹೇಳಬಲ್ಲೆನೆಂಬ ಹೆಮ್ಮೆ ಅವಳದು. ಮನುಷ್ಯರ ಚರ್ಮದ ವಿಷಯದಲ್ಲೂ ಅಷ್ಟೇ ಧೈರ್ಯ. ಸೊಸೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಇಷ್ಟಕ್ಕ ಅಳೋದೇನ? ನಾ ತಗೀತೇನಿ ಬಾ" ಎಂದಳು.

ಮೊದಲು ಕಡಲೆಹಿಟ್ಟು, ಹಾಲಿನ ಕೆನೆ, ಅರಿಷಿಣ. ಆಮೇಲೆ ಕಲ್ಲಿನ ಮೇಲೆ ತೇಯ್ದ ರಕ್ತಚಂದನ. ಇವುಗಳಿಂದ ಮುಖ ನುಣ್ಣಗಾಯಿತು, ಮನೆತುಂಬ ಮದುವೆ ಮನೆಯ ವಾಸನೆ ಬಂತು, ಬಂಗು ಮಾತ್ರ ಇದ್ದಲ್ಲೇ ಇತ್ತು. ಸಾವಿತ್ರೆವ್ವ ಸೋಲೊಪ್ಪಲಿಲ್ಲ. ಒಂದು ಬೆಳಿಗ್ಗೆ ನಿಂಬೆಹಣ್ಣನ್ನು ಅಡ್ಡ ಕೊಯ್ದು, ಹೋಳನ್ನು ಸೊಸೆಯ ಕೆನ್ನೆಗೆ ತಿಕ್ಕಿ, "ತೊಳೀಬ್ಯಾಡ, ಹಂಗ ಒಣಗಲಿ. ತಾಮ್ರದ ಬಿಂದಿಗಿ ಹೊಳೀತೈತಿಲ್ಲ, ಹಂಗ ಹೊಳೀತಿ" ಎಂದು ಆಶೀರ್ವದಿಸಿ ಕಳಿಸಿದಳು.

ಅದು ಬೇಸಿಗೆಯ ದಿನ. ನಿಂಬೆರಸ ಬಳಿದುಕೊಂಡ ಮುಖ ಹೊತ್ತು ಸುಂದರವ್ವ ಸಂಜೆಯವರೆಗೂ ಬಿಸಿಲಲ್ಲಿ ಮನೆಯಿಂದ ಮನೆಗೆ ನಡೆದಳು. ರಾತ್ರಿ ಮುಖ ಕೆಂಡ. ಮರುದಿನ ಬೊಕ್ಕೆ. ಬೊಕ್ಕೆ ಒಣಗಿ ಉದುರಿದ ಮೇಲೆ ಹಳೆಯ ಕಲೆ ಇನ್ನಷ್ಟು ಕಪ್ಪಾಗಿ, ಜೊತೆಗೆ ರಸ ಇಳಿದು ಹೋದ ದಾರಿಯಲ್ಲಿ ಕಿವಿಯ ಕೆಳಗೆ ಹೊಸದೊಂದು ಗೆರೆಯೂ ಮೂಡಿತ್ತು.

"ಬಿಂದಿಗಿ ಬ್ಯಾರೆ, ಮಾರಿ ಬ್ಯಾರೆ ಅನಸ್ತೈತಿ," ಎಂದಳು ಸಾವಿತ್ರೆವ್ವ, ಬಹಳ ಯೋಚನೆ ಮಾಡಿ.

ಆ ಹೊತ್ತಿಗೆ ಬಾದಾಮಿಯಿಂದ ನಾದಿನಿ ಬನಶಂಕರಿ ಬಂದಳು. ಅವಳ ಬಾಯಿಯೂ ಚೀಲವೂ ಎಂದೂ ಖಾಲಿ ಇರುತ್ತಿರಲಿಲ್ಲ. ಅತ್ತಿಗೆಯ ಮುಖ ನೋಡಿದ್ದೇ ಚೀಲದಿಂದ ಒಂದು ಸಣ್ಣ ಟ್ಯೂಬು ತೆಗೆದಳು. "ನಮ್ಮ ಓಣ್ಯಾಗ ಎಲ್ಲಾರೂ ಇದನ್ನ ಹಚ್ಚಾಕತ್ತಾರ, ವೈನಿ. ವಾರದಾಗ ಮಾರಿ ಬಟ್ಲದಂಗಾಗ್ತೈತಿ."

ಊರ ಮಂದಿಗೆಲ್ಲ "ಡಾಕ್ಟರಿಗೆ ಕೇಳದ ಏನೂ ಹಚ್ಚಬ್ಯಾಡ್ರಿ" ಎಂದು ಸಾರುವವಳು ಸುಂದರವ್ವ. ಸ್ವಂತ ಮುಖದ ಮಾತು ಬಂದಾಗ ಟ್ಯೂಬಿನ ಮೇಲೆ ಏನು ಬರೆದಿದೆ ಎಂದು ಕೂಡ ಓದಲಿಲ್ಲ. ಹಚ್ಚಿದಳು. ವಾರದಲ್ಲಿ ಮುಖ ನಿಜಕ್ಕೂ ತಿಳಿಯಾಯಿತು! ದುರ್ಗಪ್ಪ ಕೇಳದೆಯೇ ಹೊಗಳಿದ. ಮರೋಳದಲ್ಲಿ ಗಾಳೆವ್ವ ಪಾಕೀಟಿನತ್ತ ಮತ್ತೆ ಆಸೆಯಿಂದ ನೋಡಿದಳು. ಒಂದು ಟ್ಯೂಬು ಮುಗಿಯಿತು, ಇನ್ನೊಂದು ಬಂತು, ಅದೂ ಮುಗಿಯಿತು. ಹಚ್ಚುವುದನ್ನು ಬಿಟ್ಟದ್ದೇ ತಡ, ಮುಖವೆಲ್ಲ ಕೆಂಪೇರಿ ನವೆ ಶುರುವಾಯಿತು. ಕೆನ್ನೆಯ ಮೇಲೆ ಸಣ್ಣ ಸಣ್ಣ ಗುಳ್ಳೆ, ಸಣ್ಣ ಕೂದಲು. ಅದರ ಹಿಂದಿನಿಂದ ಬಂಗು, ತವರಿಗೆ ಹೋಗಿ ಮೈತುಂಬಿಕೊಂಡು ಬಂದ ಹೆಣ್ಣುಮಗಳಂತೆ, ಮೊದಲಿಗಿಂತ ದಟ್ಟವಾಗಿ ಮರಳಿ ಬಂತು.

ದವಾಖಾನೆಯಲ್ಲಿ ಔಷಧಿ ಕೊಡುತ್ತಿದ್ದ ಕಂಪೌಂಡರ್ ಜಾಫರಸಾಬ ಒಂದು ದಿನ ತಡೆಯಲಾರದೆ ಹೇಳಿದ: "ಬಾಯಾರ, ಮಾರಿ ಮ್ಯಾಲ ಪ್ರಯೋಗ ಮಾಡಿದ್ದು ಸಾಕು. ಬಾಗಲಕೋಟಿಗೆ ಹೋಗ್ರಿ. ಡಾಕ್ಟರ್ ಜಲಾಲುದ್ದೀನ ಅಂತ ಅದಾರ, ಬರೇ ಚರ್ಮದ ರೋಗಾನ ನೋಡ್ತಾರ."

ಡಾಕ್ಟರ್ ಜಲಾಲುದ್ದೀನರು ನರೆತ ಗಡ್ಡದ, ನಿಧಾನದ ಮನುಷ್ಯ. ಸುಂದರವ್ವನನ್ನು ಕಿಟಕಿಯ ಹತ್ತಿರ ಕೂಡ್ರಿಸಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮಕ್ಕಳೆಷ್ಟು, ಬಸುರಿದ್ದಾಗ ಹೀಗಾಗಿತ್ತೇ, ತಾಯಿಗೆ ಇತ್ತೇ, ದಿನಕ್ಕೆ ಬಿಸಿಲಲ್ಲಿ ಎಷ್ಟು ಹೊತ್ತು, ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ, ಎಲ್ಲ ಕೇಳಿದರು. ತಾಯಿಯ ಮುಖದ ಮೇಲೆ ಬಂಗು ಇದ್ದದ್ದು ಆಗ ಸುಂದರವ್ವನಿಗೆ ನೆನಪಾಯಿತು. ಎರಡನೆಯ ಬಸಿರಿನಲ್ಲಿ ತನಗೂ ತೆಳ್ಳಗೆ ಬಂದು ಹೋದದ್ದೂ ನೆನಪಾಯಿತು.

"ಇಲ್ಲೀತನಕ ಏನೇನು ಹಚ್ಚೀರಿ?"

ಕಡಲೆಹಿಟ್ಟಿನಿಂದ ಟ್ಯೂಬಿನವರೆಗೆ ಒಂದೂ ಬಿಡದೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಕಡ್ಲಿಹಿಟ್ಟು, ಕೆನಿ, ಅರಿಷಿಣ, ನಿಂಬಿಹಣ್ಣು. ಒಲಿ ಮ್ಯಾಲ ಇಟ್ಟಿದ್ರ ಝುಣಕಾನರ ಆಗ್ತಿತ್ತಲ್ರಿ, ಬಾಯಾರ."

ಬಂದ ಭಯವೆಲ್ಲ ಆ ಒಂದು ಮಾತಿಗೆ ಇಳಿಯಿತು. ಸುಂದರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನೋಡ್ರಿ," ಎಂದು ಡಾಕ್ಟರು ಕುರ್ಚಿ ಹತ್ತಿರಕ್ಕೆಳೆದುಕೊಂಡರು. "ನಮ್ಮ ಚರ್ಮದಾಗ ಬಣ್ಣ ಮಾಡೋ ಸಣ್ಣ ಸಣ್ಣ ಕಣ ಅದಾವ. ಬಿಸಲು ಬಿದ್ದಾಗ ಅವು ಬಣ್ಣ ಮಾಡಿ ಒಳಗಿನ ಚರ್ಮಕ್ಕ ನೆರಳು ಕೊಡ್ತಾವ. ಅದು ಅವುಗಳ ಕೆಲಸ, ತಪ್ಪಲ್ಲ. ಬಸುರಿದ್ದಾಗ ಹೆಣಮಕ್ಕಳ ಮೈಯಾಗ ಒಂದು ರಸ ಹೆಚ್ಚಾಗ್ತೈತಿ. ನಿಮ್ಮ ಗುಳಿಗ್ಯಾಗೂ ಅಂಥಾದ್ದ ಐತಿ. ಕೆಲವೊಬ್ಬರಿಗೆ ಆ ರಸ ಈ ಕಣಕ್ಕ ಅವಸರ ಮಾಡ್ತೈತಿ. ಗುಳಿಗಿ ಕಟಗಿ ಇದ್ದಂಗ, ಬಿಸಲು ಬೆಂಕಿ ಇದ್ದಂಗ. ಎರಡೂ ಕೂಡಿದ್ದಕ್ಕ ನಿಮ್ಮ ಗಲ್ಲದ ಮ್ಯಾಲ ಇಷ್ಟು ಆಗೈತಿ."

"ಹಂಗಾದ್ರ ಗುಳಿಗಿ ಕೆಟ್ಟದ್ದೇನ್ರಿ, ಸಾಹೇಬ್ರ?"

"ಕೆಟ್ಟದ್ದಲ್ಲ. ಎಲ್ಲಾರಿಗೂ ಹಿಂಗ ಆಗಂಗಿಲ್ಲ. ನಿಮ್ಮ ಮನಿತನದಾಗ ಇದು ಐತಿ, ಅದಕ್ಕ ನಿಮಗಾತು. ನೀವು ಗುಳಿಗಿ ಬಿಟ್ಟು ಕಾಪರ್-ಟಿ ಹಾಕಿಸ್ಕೊರ್ರಿ. ನಿಂಬಿಹಣ್ಣಿನ ರಸ ಹಚ್ಚಿ ಬಿಸಲಿಗೆ ಹ್ವಾದ್ರ ಚರ್ಮ ಸುಡ್ತೈತಿ, ಅದನ್ನ ಇನ್ನ ಸಾರಿಗೆ ಹಾಕ್ರಿ. ಆ ಟ್ಯೂಬು ನಾವು ಬ್ಯಾರೆ ರೋಗಕ್ಕ ನಾಕು ದಿನದ ಮಟ್ಟಿಗೆ ಕೊಡೋ ಔಷಧ. ತಿಂಗಳಗಟ್ಟಲೆ ಮಾರಿಗೆ ಹಚ್ಚಿದ್ರ ಚರ್ಮ ಹಾಳಿಯಂಗ ತೆಳ್ಳಗಾಗ್ತೈತಿ. ನಿಮ್ಮ ನಾದಿನಿಗೂ ಹೇಳ್ರಿ, ಆಕಿ ಓಣಿಗೂ ಹೇಳ್ರಿ."

ಮೊದಲು ಮುಖದ ಉರಿ ಆರಲೆಂದು ತಂಪಿನ ಮುಲಾಮು ಕೊಟ್ಟರು. ಅದು ಆರಿದ ಮೇಲೆ ರಾತ್ರಿ ಕಲೆಯ ಮೇಲಷ್ಟೇ ತೆಳ್ಳಗೆ ಹಚ್ಚಲು ಬೇರೊಂದು. ಅದನ್ನೂ ತಾವು ಬಿಡಿ ಎಂದಾಗ ಬಿಡಬೇಕು. ಹಗಲಿಗೆ ಸತುವಿನ ಬಿಳಿ ಮುಲಾಮು. "ಆದ್ರ ಎಲ್ಲಾಕಿಂತ ದೊಡ್ಡ ಔಷಧ ನೆರಳು," ಎಂದರು. "ಬಿಸಲಿಗೆ ಮಾರಿ ಕೊಡಬ್ಯಾಡ್ರಿ. ಅವಸರಾನೂ ಮಾಡಬ್ಯಾಡ್ರಿ. ಇದು ತಿಂಗಳ ಮ್ಯಾಲ ತಿಂಗಳ ತೊಗೊಂಡು ಹೋಗ್ತೈತಿ. ಪೂರ್ತಿ ಹೋಗ್ತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ. ಮಸಕ ಆಗ್ತೈತಿ, ಅಷ್ಟು ಖರೆ."

ಹುನಗುಂದಕ್ಕೆ ಮರಳಿದವಳಿಗೆ ಹೆಲ್ತ್ ಇನ್‌ಸ್ಪೆಕ್ಟರ್ ರಾಚಪ್ಪ ಎದುರಾದ. ಕೆಟ್ಟವನಲ್ಲ, ಮೇಲಿನವರು ಕೇಳುವ ಟಾರ್ಗೆಟ್ಟಿನ ಚಿಂತೆಯಲ್ಲೇ ಅರ್ಧ ಕೂದಲು ಕಳೆದುಕೊಂಡವನು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ ಗಾಬರಿಯಾದ.

"ಬಾಯಾರ, ನಿಮ್ಮ ಕೈ ಮುಗೀತೇನಿ. ಬಿಸಲಿಗೆ ಆಗೈತಿ ಅಂತ ಹೇಳಿಬಿಡ್ರಿ. ಅದೂ ಖರೇನ ಐತೆಲ್ಲ? ಗುಳಿಗಿ ಹೆಸರ ಯಾಕ ಎತ್ತೋದು?"

ಸುಂದರವ್ವ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದಳು. ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ, ಅದೇ ತೊಡಕು. ಬಿಸಿಲು ಎಂದರೆ ಗಾಳೆವ್ವ ಪಾಕೀಟು ತೆಗೆದುಕೊಂಡಾಳು. ನಾಳೆ ಅವಳ ಕೆನ್ನೆಯ ಮೇಲೂ ಮೂಡಿದರೆ? ಆಗ ಅವಳೆದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಈ ಯೋಚನೆಯ ನಡುವೆಯೇ ನೆರಳಿನ ಪೀಕಲಾಟ ಬೇರೆ. ಸತುವಿನ ಬಿಳಿ ಮುಲಾಮು ಬಳಿದು ಹೊರಟ ಮೊದಲ ದಿನವೇ ಓಣಿಯ ಹುಡುಗರು "ನಾಟಕದ ರಾಣಿ ಬಂದ್ಲು" ಎಂದು ಹಿಂದೆ ಬಿದ್ದರು. ಛತ್ರಿ ಹಿಡಿಯೋಣವೆಂದರೆ ಚೀಲಕ್ಕೊಂದು ಕೈ, ಥರ್ಮಾಸಿಗೊಂದು ಕೈ; ಮೂರನೆಯದನ್ನು ದೇವರು ಕೊಟ್ಟಿರಲಿಲ್ಲ. ಸೆರಗು ಎಳೆದುಕೊಂಡರೆ ಗಾಳಿಗೆ ಹಿಂದೆ ಹಾರುತ್ತಿತ್ತು.

ಒಂದು ಸಂಜೆ ದುರ್ಗಪ್ಪ ಟೇಪು ಹಿಡಿದು ಅವಳ ತಲೆಯ ಸುತ್ತಳತೆ ತೆಗೆಯತೊಡಗಿದ.

"ನನ್ನ ತಲಿ ಅಳತಿ ಯಾಕ್ರಿ?"

"ಸುಮ್ಮನ ನಿಂದ್ರು. ಅಲಗಾಡಿದ್ರ ಅಳತಿ ತಪ್ತೈತಿ."

ಎರಡು ದಿನಕ್ಕೆ ತಯಾರಾದ ವಸ್ತುವನ್ನು ಅವನು ತಂದು ತೋರಿಸಿದ. ಕುಂಚಿಗಿ! ಎಳೆಗೂಸಿನ ತಲೆಗೆ ಕಟ್ಟುತ್ತಾರಲ್ಲ, ಕಿವಿ ಮುಚ್ಚುವ ಟೊಪ್ಪಿಗೆ, ಹಿಂದೆ ಬೆನ್ನಿನವರೆಗೆ ಇಳಿಬಿಟ್ಟ ಬಟ್ಟೆ, ಗದ್ದದ ಕೆಳಗೆ ಕಟ್ಟುವ ಕಸಿ. ಅದೇ, ಆದರೆ ಬೆಳೆದ ಹೆಂಗಸಿನ ಅಳತೆಯದು. ಗುಳೇದಗುಡ್ಡದ ಖಣದ ಬಟ್ಟೆ, ಒಳಗೆ ಮೆತ್ತನೆಯ ಹಳೆಯ ಸೀರೆಯ ಅಸ್ತರು. ಹಣೆಯ ಮುಂದಕ್ಕೆ ಕಾಲರಿಗೆ ಹಾಕುವ ಬಕ್ರಂ ಸೇರಿಸಿ ಗೇಣುದ್ದ ಚಾಚಿಸಿದ್ದ, ಛಾವಣಿಯ ಸೂರಿನಂತೆ.

ಸಾವಿತ್ರೆವ್ವ ನಕ್ಕು ನಕ್ಕು ಗೋಡೆ ಹಿಡಿದಳು. "ಯವ್ವಾ! ನಮ್ಮ ಸೊಸಿ ಕೂಸಾದ್ಲಲ್ಲ! ತೊಟ್ಟಿಲಾ ಎಲ್ಲಿಂದ ತರೂಣು?"

"ನಾ ಇದನ್ನ ಹಾಕ್ಕೊಂಡು ಹೊರಗ ಹೋಗಂಗಿಲ್ಲ," ಎಂದಳು ಸುಂದರವ್ವ.

"ಎರಡೂ ಕೈ ಖಾಲಿ ಇರ್ತಾವ, ಗಾಳಿಗೆ ಹಾರಂಗಿಲ್ಲ, ಮಾರಿ ಮ್ಯಾಲ ಬಿಸಲು ಬೀಳಂಗಿಲ್ಲ," ಎಂದ ದುರ್ಗಪ್ಪ, ಸ್ವಲ್ಪ ಮುನಿದವನಂತೆ. "ಮಂದಿ ನಗ್ತಾರ, ಅಷ್ಟ. ನಕ್ಕಿದ್ದಕ್ಕ ಬಂಗು ಬೀಳ್ತೈತಿ ಅಂತ ನಿಮ್ಮ ಡಾಕ್ಟರು ಹೇಳ್ಯಾರೇನು?"

ಹೇಳಿರಲಿಲ್ಲ. ಮರುದಿನ ಅವಳು ಅದನ್ನು ಕಟ್ಟಿಕೊಂಡೇ ಮರೋಳಕ್ಕೆ ಹೋದಳು. ಮಕ್ಕಳಿಗೆ ಲಸಿಕೆ ಹಾಕುವ ದಿನವಾದ್ದರಿಂದ ರಾಚಪ್ಪನೂ ಜೊತೆಗಿದ್ದ. ಬಸ್ಸಿನಲ್ಲಿ ಅವನು ಆದಷ್ಟು ದೂರದ ಸೀಟಿನಲ್ಲಿ ಕುಳಿತ.

ಸುದ್ದಿ ಅವಳಿಗಿಂತ ಮುಂಚೆ ಚಂದವ್ವನ ಅಂಗಳ ಮುಟ್ಟಿತ್ತು. ಲಸಿಕೆಗೆ ಕರೆದರೆ ಬಾರದವರೂ ಅವತ್ತು ಬಂದಿದ್ದರು. ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದವರಿದ್ದರು. ಕುಂಚಿಗಿಯನ್ನು ಮುಂದಿನಿಂದ ನೋಡಿ, ಹಿಂದಿನಿಂದ ನೋಡಿ, ಖಣವನ್ನು ಮುಟ್ಟಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಂದರವ್ವನೂ ನಕ್ಕಳು. ನಗು ಇಳಿಯುತ್ತಿದ್ದಂತೆ ಚಂದವ್ವ ಕೇಳಿದಳು: "ಅಲ್ಲ ಬಾಯಾರ, ಇದನ್ನ ಯಾಕ ಕಟ್ಟಿದ್ರಿ?"

ಅಂಗಳ ತುಂಬ ಹೆಂಗಸರು. ಇಷ್ಟು ಜನ ಒಟ್ಟಿಗೆ ಅವಳ ಮಾತಿಗೆ ಎಂದೂ ಕಾದಿರಲಿಲ್ಲ. ಸುಂದರವ್ವ ಗದ್ದದ ಕಸಿ ಬಿಚ್ಚಿ ಕುಂಚಿಗಿ ತೆಗೆದು, ತನ್ನ ಮುಖವನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ಇದಕ್ಕ. ಬಾಗಲಕೋಟಿಗೆ ಹೋಗಿ ದೊಡ್ಡ ಡಾಕ್ಟರಿಗೆ ತ್ವಾರಿಸ್ಕೊಂಡು ಬಂದೀನಿ. ನೀವು ಅಂದದ್ದು ಸುಳ್ಳಲ್ಲ. ನನಗ ಬಂಗು ಬರಾಕ ಗುಳಿಗೀನೂ ಒಂದು ಕಾರಣ."

ರಾಚಪ್ಪ ಜೋರಾಗಿ ಕೆಮ್ಮಿದ. ಸುಂದರವ್ವ ಆ ಕೆಮ್ಮಿಗೆ ನಿಲ್ಲಲಿಲ್ಲ. ಬಿಸಿಲಿನ ಮಾತು, ಬಸಿರಿನ ಮಾತು, ತಾಯಿಯಿಂದ ಬಂದದ್ದು, ಕೆಲವರಿಗೆ ಆಗುವುದು, ಬಹಳ ಮಂದಿಗೆ ಆಗದಿರುವುದು, ನಿಂಬೆಹಣ್ಣಿನ ಫಜೀತಿ, ಬಾದಾಮಿಯ ಟ್ಯೂಬು, ಎಲ್ಲವನ್ನೂ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸವಂತೂ ಹೋಯಿತು, ಎಂದುಕೊಂಡಳು ಅವಳು.

ಆಗ ಚಂದವ್ವ ಎದ್ದು ನಿಂತಳು. ಅವಳ ಸೆರಗು ಯಾವಾಗಲೂ ಕೆನ್ನೆಯವರೆಗೆ ಇಳಿದಿರುತ್ತಿತ್ತು. ಹಿರಿಯರ ಮರ್ಯಾದೆಗೆಂದು ಎಲ್ಲರೂ ತಿಳಿದಿದ್ದರು. ಅದನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದಳು. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಬೂದು ಮಿಶ್ರಿತ ಕಂದು ಕಲೆ, ಸುಂದರವ್ವನದರ ಎರಡರಷ್ಟು.

"ನನಗ ಮೂರನೇ ಬಸುರಿನ್ಯಾಗ ಬಂದದ್ದು. ಆವಾಗ ಯಾವ ಗುಳಿಗಿ ಇತ್ತ? ಯಾವ ನರ್ಸಬಾಯಿ ಇದ್ಲು?"

"ನನಗೂ ಐತಲ್ಲಬೇ!" ಎಂದು ಹಿಂದಿನಿಂದ ಒಂದು ದನಿ. ಇನ್ನೊಬ್ಬಳು ಸೆರಗು ಸರಿಸಿದಳು. ಮತ್ತೊಬ್ಬಳು. ನೆರೆಮನೆಯವರು, ಹೊಲದಲ್ಲಿ ಒಂದೇ ಸಾಲಿನಲ್ಲಿ ಕಳೆ ತೆಗೆಯುವವರು, ವರ್ಷಗಟ್ಟಲೆ ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದರು. ಈಗ ಬಳೆ ಹೋಲಿಸಿ ನೋಡುವವರಂತೆ ಕೆನ್ನೆ ಹೋಲಿಸಿ ನೋಡತೊಡಗಿದರು. ಒಬ್ಬಳದು ಪಾತರಗಿತ್ತಿಯಂತಿದೆ, ಒಬ್ಬಳದು ಗುಡ್ಡದಂತಿದೆ, ಒಬ್ಬಳಿಗೆ ಮೀಸೆ ಬಂದಂತಿದೆ. ನಗೆ ಮತ್ತೆ ಎದ್ದಿತು, ಈ ಸಲ ಕುಂಚಿಗಿಯ ಮೇಲಲ್ಲ. ಸುಂದರವ್ವ ಲಸಿಕೆಯ ಥರ್ಮಾಸಿನ ಮುಚ್ಚಳ ಸುಮ್ಮನೆ ತಿರುಗಿಸುತ್ತ ನಿಂತಳು.

ಗಾಳೆವ್ವ ಹತ್ತಿರ ಬಂದಳು. "ನನಗ ಬಸುರಿದ್ದಾಗ ಬಂದಿಲ್ರಿ, ನಮ್ಮವ್ವಗೂ ಇಲ್ಲ. ನಾ ತೊಗೊಂಡ್ರ ನನಗೂ ಬರಬಹುದೇನ್ರಿ?"

"ಬರಬಹುದು, ಬರಲಿಕ್ಕೂ ಇಲ್ಲ. ನಿನಗ ಬಸುರಿದ್ದಾಗ ಬಂದಿಲ್ಲ, ನಿಮ್ಮವ್ವಗ ಇಲ್ಲ ಅಂತಿ. ಅದು ಚಲೋ. ಆದ್ರೂ ಏನರ ಕಂಡ್ರ ಮುಚ್ಚಿಡಬ್ಯಾಡ, ನನಗ ತ್ವಾರ್ಸು. ಗುಳಿಗಿ ಬಿಡಿಸಿ ಬ್ಯಾರೆ ಉಪಾಯ ಮಾಡೂಣು."

ಗಾಳೆವ್ವ ಅತ್ತೆಯ ಮುಖ ನೋಡಿದಳು.

"ನನ್ನ ಮಾರಿ ಏನ ನೋಡ್ತಿ?" ಎಂದಳು ಚಂದವ್ವ. "ಆರು ಹಡದು ನನಗ ಬಂಗೂ ಬಂತು, ಸೊಂಟಾನೂ ಹೋತು. ನೀ ತೊಗೊ."

ಗಾಳೆವ್ವ ಕೈ ಚಾಚಿ ಪಾಕೀಟು ತೆಗೆದುಕೊಂಡಳು. ಆಮೇಲೆ ನಾಚುತ್ತ, "ಆ ಕುಂಚಿಗಿ ನಿಮ್ಮ ಮನಿಯವ್ರು ನನಗೂ ಒಂದು ಹೊಲಿದು ಕೊಡ್ತಾರೇನ್ರಿ?" ಎಂದು ಕೇಳಿದಳು. ರಾಚಪ್ಪನ ಕೆಮ್ಮು ಅಷ್ಟರಲ್ಲಿ ತಾನಾಗಿಯೇ ನಿಂತಿತ್ತು.

ಆ ವರ್ಷ ದುರ್ಗಪ್ಪ ಅಂಗಿಗಳಿಗಿಂತ ಕುಂಚಿಗಿಗಳನ್ನೇ ಹೆಚ್ಚು ಹೊಲಿದ. ಹೊಲದ ಕೆಲಸಕ್ಕೆಂದು ಹಳೆಯ ಸೀರೆಯದು, ಸಂತೆಗೆಂದು ಖಣದ್ದು. ಚಂದವ್ವನ ಗಂಡ ಅಮಾತೆಪ್ಪ ಮೊದಮೊದಲು "ನಮ್ಮ ಹೊಲದಾಗ ಕೂಸುಗಳು ಕಳಿ ತಗ್ಯಾಕತ್ತಾವ, ಬಂದು ನೋಡ್ರಿಲೇ" ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದ. ಒಂದು ಮಧ್ಯಾಹ್ನ ಬುತ್ತಿ ತಂದ ಗಾಳೆವ್ವ ನೋಡಿದರೆ, ಮಾವ ಬದುವಿನ ಮೇಲೆ ಅತ್ತೆಯ ಕುಂಚಿಗಿ ಕಟ್ಟಿಕೊಂಡು, ಕಸಿಯನ್ನು ಮೀಸೆಯ ಕೆಳಗೆ ಬಿಗಿದುಕೊಂಡು ಹಾಯಾಗಿ ಕುಳಿತಿದ್ದ. "ಗಾಳಿ ಚಲೋ ಆಡ್ತೈತಿ ಇದರಾಗ," ಎಂದನಂತೆ.

ಸುಂದರವ್ವನ ಮುಖ ಆತುರ ಮಾಡಲಿಲ್ಲ. ಮೊದಲು ಉರಿ ಹೋಯಿತು, ಗುಳ್ಳೆ ಹೋದವು. ಚಳಿಗಾಲದ ಹೊತ್ತಿಗೆ ಕಿವಿಯ ಕೆಳಗಿನ ನಿಂಬೆಯ ಗೆರೆ ಹುಡುಕಿದರೂ ಸಿಗಲಿಲ್ಲ. ಕೆನ್ನೆಯ ಕಲೆ ಅಂಚಿನಿಂದ ಮಸುಕಾಗುತ್ತ ಬಂತು. ಸಾವಿತ್ರೆವ್ವ ದಿನಾ ರಾತ್ರಿ ಮುಲಾಮು ಹಚ್ಚುವಾಗ ಪಕ್ಕದಲ್ಲಿ ಕಾವಲು ಕೂಡುತ್ತಿದ್ದಳು, "ಹೆಚ್ಚು ಹಚ್ಚಬ್ಯಾಡ, ಡಾಕ್ಟರು ತೆಳ್ಳಗ ಅಂದಾರ" ಎಂದು. ನಾದಿನಿ ಬನಶಂಕರಿ ಬಾದಾಮಿಯ ಓಣಿಯಲ್ಲಿ ಮನೆಮನೆಗೂ ಹೋಗಿ ಟ್ಯೂಬು ಬಿಡಿಸುವ ಕೆಲಸ ಹಿಡಿದಳು. ಹಚ್ಚಿಸುವುದಕ್ಕಿಂತ ಬಿಡಿಸುವುದರಲ್ಲಿ ಮಾತಿಗೆ ಹೆಚ್ಚು ಅವಕಾಶವಿತ್ತು.

ಬೇಸಿಗೆಗೆ ಮುಂಚೆ ಬಾಗಲಕೋಟೆಗೆ ಮತ್ತೆ ಹೋಗುವಾಗ ಮರೋಳದ ಹೆಂಗಸರ ಒಂದು ದಂಡೇ ಅವಳ ಜೊತೆ ಹೊರಟಿತು. ಡಾಕ್ಟರ್ ಜಲಾಲುದ್ದೀನರು ಬಾಗಿಲು ತೆರೆದು ನೋಡಿದರೆ ಬಾಕಿನ ತುಂಬ ಸಾಲಾಗಿ ಕುಂಚಿಗಿಗಳು. "ನನ್ನ ದವಾಖಾನಿಗೆ ಇಷ್ಟು ದೊಡ್ಡ ಕೂಸುಗಳು ಎಂದೂ ಬಂದಿದ್ದಿಲ್ಲ," ಎಂದು ಒಬ್ಬೊಬ್ಬರನ್ನೇ ಕಿಟಕಿಯ ಹತ್ತಿರ ಕೂಡ್ರಿಸಿ ನೋಡಿದರು. ಕೆಲವರಿಗೆ ಮುಲಾಮು ಬರೆದರು, ಕೆಲವರಿಗೆ ನೆರಳೊಂದೇ ಸಾಕೆಂದರು. ಚಂದವ್ವನ ಕೆನ್ನೆಯನ್ನು ಬಹಳ ಹೊತ್ತು ನೋಡಿ ನಿಜ ಹೇಳಿದರು.

"ಅವ್ವಾರ, ನಿಮ್ಮದು ಭಾಳ ಹಳೇದು. ಆಳಕ್ಕಿಳದೈತಿ. ಮುಲಾಮಿಗೆ ಅಷ್ಟಾಗಿ ಹೋಗಂಗಿಲ್ಲ."

"ಇರಲಿ ಬಿಡ್ರಿ, ಸಾಹೇಬ್ರ. ಇದು ಏನಂತ ಗೊತ್ತಾತಲ್ಲ, ಅದ ಭಾಳಾತು." ಚಂದವ್ವ ಸೆರಗು ಸರಿಮಾಡಿಕೊಂಡಳು, ಕೆನ್ನೆ ಮುಚ್ಚುವಷ್ಟು ಎಳೆದುಕೊಳ್ಳಲಿಲ್ಲ. "ನಾ ಬಸುರಿದ್ದಾಗ ಗ್ರಹಣದಾಗ ಹೊರಗ ಹೋಗಿದ್ದಕ್ಕ ಹಿಂಗಾತು ಅಂತ ನಮ್ಮತ್ತಿ ಸಾಯೋತನಕ ಅಂದ್ಲು. ನಾ ಹೋಗಿದ್ದಿಲ್ರಿ. ಒಳಗ ಕುಂತಿದ್ದೆ. ನನ್ನ ಮಾತು ಯಾರೂ ನಂಬಲಿಲ್ಲ."

"ನಾ ನಂಬ್ತೇನಿ," ಎಂದರು ಡಾಕ್ಟರು.

ಮಧ್ಯಾಹ್ನ ಎಲ್ಲರೂ ಸೇರಿ ಗಿರಮಿಟ್ಟು, ಮಿರ್ಚಿ ತಿಂದು ಹುನಗುಂದದ ಬಸ್ಸು ಹತ್ತಿದರು. ಬಸ್ಸು ಊರು ದಾಟಿ ತಿರುವಿನಲ್ಲಿ ಹೊರಳಿದ್ದೇ ಬಲಗಡೆಯ ಕಿಟಕಿಗಳಿಂದ ಬಿಸಿಲು ನುಗ್ಗಿತು. "ಯವ್ವಾ, ಬಿಸಲು!" ಎಂದು ಗಾಳೆವ್ವ ಎದ್ದಳು. ಆ ಸಾಲಿನವರೆಲ್ಲ ಎದ್ದು ಎಡಗಡೆಗೆ ನುಗ್ಗಿ, ಮೂವರು ಕೂಡುವಲ್ಲಿ ಐವರು ಒತ್ತಿಕೊಂಡು ಕುಳಿತರು. ಚಂದವ್ವ ಯಾರದೋ ತೊಡೆಯ ಮೇಲೆಯೇ ಕುಳಿತಳು.

"ಏ ಯಕ್ಕಾಗಳ್ರಾ, ಎಲ್ಲಾರೂ ಒಂದ ಕಡೆ ಕುಂತ್ರ ಹೆಂಗ? ಬಸ್ಸು ವಾಲ್ತೈತಿ!" ಎಂದು ಕಂಡಕ್ಟರ್ ಕೂಗಿದ.

"ವಾಲಲಿ ಬಿಡಪಾ," ಎಂದಳು ಸುಂದರವ್ವ, ಕಿಟಕಿಗೆ ಒತ್ತಿಕೊಂಡು ಉಸಿರಾಡಲೂ ಜಾಗವಿಲ್ಲದೆ ನಗುತ್ತ. "ನೆರಳಿನ ಕಡೇನ ವಾಲಾಕತ್ತೈತೆಲ್ಲ."